ಕ್ರೇಮರ್ಸ್ ರೂಲ್ ಬರೆದಿಟ್ಟ ಮೇಷ್ಟ್ರು

ಕ್ರೇಮರ್ಸ್ ರೂಲ್ ಅಂದ ಕೂಡಲೇ ನಮ್ಮಲ್ಲಿ ಯಾರಿಗಾದರೂ ನೆನಪಾಗುವುದು ಡೆಲ್ಟಾ, ಡೆಲ್ಟಾ ಒನ್, ಡೆಲ್ಟಾ ಟೂ. ಪಿಯುಸಿಯಲ್ಲಿ ಒಂದು ಸಲ ಓದಿರುತ್ತೇವೆ. ಇಂಜಿನಿಯರಿಂಗ್‌ಗೆ ಬಂದ ಮೇಲೆ ಸರ್ಕ್ಯೂಟ್‌ನಲ್ಲಿ ಎರಡು ಲೂಪ್ ಕೊಟ್ಟು ಕರೆಂಟ್ ಎಷ್ಟು ಅಂತ ಕೇಳಿದಾಗ ಮತ್ತೆ ಅದೇ ರೂಲ್. ಎರಡು ಈಕ್ವೇಶನ್, ಗೊತ್ತಿಲ್ಲದ ಎರಡು ಬೆಲೆ. ಅಡ್ಡಡ್ಡ ಗುಣಿಸು, ಕಳೆ, ಭಾಗಿಸು, ಮುಗೀತು. ಆದರೆ ಕ್ರೇಮರ್ ಯಾರು ಅಂತ ಕೇಳಿದರೆ ಕ್ಲಾಸಿಗೆ ಕ್ಲಾಸೇ ಸುಮ್ಮನಾಗುತ್ತೆ. ನ್ಯೂಟನ್ ಮತ್ತು ಸೇಬಿನ ಕಥೆ ಎಲ್ಲರಿಗೂ ಗೊತ್ತು. ಆಯ್ಲರ್ ಕಣ್ಣು ಹೋದ ಮೇಲೂ ಲೆಕ್ಕ ಮಾಡ್ತಾ ಇದ್ದದ್ದೂ ಗೊತ್ತು. ಕ್ರೇಮರ್‌ಗೆ ಅಂಥ ಕಥೆ ಯಾವುದೂ ಅಂಟಿಕೊಂಡಿಲ್ಲ. ಪಾಠ ಹೇಳುವುದು, ಬೇರೆಯವರ ಬರಹ ತಿದ್ದಿ ಅಚ್ಚು ಹಾಕಿಸುವುದು, ಊರೂರಿಗೆ ಕಾಗದ ಬರೆಯುವುದು, ಇದರಲ್ಲೇ ಅವನ ಆಯುಷ್ಯದ ಹೆಚ್ಚಿನ ಪಾಲು ಕಳೆಯಿತು. ಅಂಥವನ ಬಗ್ಗೆ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೀಬೇಕು ಅಂತ ನಮಗೆ ಅನ್ನಿಸಿದ್ದಕ್ಕೆ ಒಂದು ಕಾರಣ ಇದೆ. ಅದು ಗಣಿತಕ್ಕಿಂತ ಭಾಷೆಗೆ ಹತ್ತಿರದ ಕಾರಣ, ಮುಂದೆ ಬರುತ್ತೆ.

ಗೇಬ್ರಿಯಲ್ ಕ್ರೇಮರ್ ಹುಟ್ಟಿದ್ದು 1704ರ ಜುಲೈ 31ರಂದು, ಜಿನೀವಾದಲ್ಲಿ. ಈಗ ಜಿನೀವಾ ಅಂದ್ರೆ ಸ್ವಿಟ್ಜರ್ಲೆಂಡ್. ಆಗ ಅದು ತನ್ನದೇ ಆದ ಪುಟ್ಟ ಗಣರಾಜ್ಯ, ಊರೇ ಒಂದು ದೇಶ. ಸುತ್ತ ಕೋಟೆಗೋಡೆ, ಒಳಗೆ ಫ್ರೆಂಚ್ ಮಾತಾಡುವ ಪ್ರಾಟೆಸ್ಟೆಂಟ್ ಜನ, ಅವರದೇ ಆಡಳಿತ ಸಭೆಗಳು. ಅಪ್ಪ ಡಾಕ್ಟರು. ಮೂವರು ಗಂಡುಮಕ್ಕಳಲ್ಲಿ ಒಬ್ಬ ಅಪ್ಪನ ಹಾಗೆ ಡಾಕ್ಟರಾದ, ಇನ್ನೊಬ್ಬ ಕಾನೂನು ಪ್ರೊಫೆಸರ್ ಆದ, ಗೇಬ್ರಿಯಲ್ ಗಣಿತ ಹಿಡಿದ. 1722ರಲ್ಲಿ, ಇನ್ನೂ 18 ವರ್ಷಕ್ಕೇ, ಶಬ್ದದ ಬಗ್ಗೆ ಥೀಸಿಸ್ ಬರೆದು ಡಾಕ್ಟರೇಟ್ ಮುಗಿಸಿದ. ನಾವೆಲ್ಲ ಆ ವಯಸ್ಸಿಗೆ ಸೀಟ್ ಅಲಾಟ್‌ಮೆಂಟ್‌ನ ಎರಡನೇ ರೌಂಡ್‌ಗೆ ಕಾಯ್ತಾ ಕೂತಿದ್ವಿ.

ಒಂದು ಮಾತು ಇಲ್ಲೇ ಹೇಳಿಬಿಡೋಣ. ನೆಟ್‌ನಲ್ಲಿ ಹುಡುಕಿದರೆ ಜಿನೀವಾದ ಇನ್ನೊಬ್ಬ ಗೇಬ್ರಿಯಲ್ ಕ್ರೇಮರ್ ಕೂಡ ಸಿಗ್ತಾನೆ. ಅವನು ವೋಲ್ಟೇರ್‌ನ ಪುಸ್ತಕಗಳನ್ನು ಅಚ್ಚು ಹಾಕಿದ ಪ್ರಕಾಶಕ, ನಮ್ಮವನಿಗಿಂತ ಸುಮಾರು 20 ವರ್ಷ ಚಿಕ್ಕವನು. ಇಬ್ಬರನ್ನೂ ಒಂದೇ ಮಾಡ್ಕೋಬೇಡಿ.

1724ರಲ್ಲಿ ಜಿನೀವಾದ ಅಕಾಡೆಮಿಯಲ್ಲಿ ತತ್ತ್ವಶಾಸ್ತ್ರದ ಪ್ರೊಫೆಸರ್ ಹುದ್ದೆ ಖಾಲಿ ಬಿತ್ತು. ಧರ್ಮಸುಧಾರಕ ಕಾಲ್ವಿನ್ 1559ರಲ್ಲಿ ಶುರು ಮಾಡಿದ ಸಂಸ್ಥೆ ಅದು, ಇವತ್ತಿನ ಜಿನೀವಾ ವಿಶ್ವವಿದ್ಯಾಲಯದ ಮೂಲ. ಹುದ್ದೆಗೆ ಮೂವರ ನಡುವೆ ಪೈಪೋಟಿ. ಒಬ್ಬ ವಯಸ್ಸಿನಲ್ಲೂ ಅನುಭವದಲ್ಲೂ ಹಿರಿಯನಾದ ಅಮೆದೆ ದ ಲಾ ರೀವ್. ಉಳಿದಿಬ್ಬರು ಹುಡುಗರು: ಕ್ರೇಮರ್, ಮತ್ತು ಅವನಿಗಿಂತ ಒಂದು ವರ್ಷ ದೊಡ್ಡವನಾದ ಝಾನ್ ಲೂಯಿ ಕಲಾಂದ್ರಿನಿ. ಹುದ್ದೆ ಹಿರಿಯನಿಗೇ ಹೋಯಿತು. ಅದರಲ್ಲಿ ಆಶ್ಚರ್ಯ ಇಲ್ಲ. ಆಶ್ಚರ್ಯ ಆಗೋದು ಅದಾದ ಮೇಲೆ ಊರಿನ ಅಧಿಕಾರಿಗಳು ಮಾಡಿದ್ದನ್ನು ನೋಡಿದರೆ. ಇಬ್ಬರು ಹುಡುಗರೂ ಚೆನ್ನಾಗಿದ್ದಾರೆ, ಇಬ್ಬರನ್ನೂ ಬಿಡೋಕೆ ಮನಸ್ಸಿಲ್ಲ. ಹಾಗಾಗಿ ಗಣಿತಕ್ಕೆ ಅಂತ ಒಂದು ಹೊಸ ಪೀಠ ಮಾಡಿ, ಅದನ್ನು ಇಬ್ಬರಿಗೂ ಹಂಚಿಕೊಟ್ಟರು. ಕೆಲಸ ಅರ್ಧ ಅರ್ಧ, ಸಂಬಳವೂ ಅರ್ಧ ಅರ್ಧ. ಜೊತೆಗೆ ಒಂದು ಕರಾರು: ಒಬ್ಬೊಬ್ಬರಾಗಿ ಎರಡು ಮೂರು ವರ್ಷ ದೇಶ ಸುತ್ತಿ ಕಲಿತು ಬರಬಹುದು. ಒಬ್ಬ ಊರಿನಲ್ಲಿ ಇಲ್ಲದಾಗ ಇನ್ನೊಬ್ಬ ಪೂರ್ತಿ ಕೆಲಸ ಮಾಡಬೇಕು, ಪೂರ್ತಿ ಸಂಬಳ ಅವನಿಗೇ.

ಒಂದೇ ಹುದ್ದೆಗೆ ಬಡಿದಾಡಿದ ಇಬ್ಬರು ಒಂದೇ ಸಂಬಳ ಹಂಚಿಕೊಂಡರೆ ಏನಾಗಬಹುದು ಅಂತ ನಾವು ಊಹಿಸಬಹುದು. ಇವರಿಬ್ಬರ ವಿಷಯದಲ್ಲಿ ಹಾಗಾಗಲಿಲ್ಲ. ಕೊನೆ ತನಕ ಗೆಳೆಯರಾಗಿಯೇ ಇದ್ದರು. ಗ್ರೀಕ್ ಪುರಾಣದ ಅವಳಿ ಅಣ್ಣತಮ್ಮಂದಿರಾದ ಕ್ಯಾಸ್ಟರ್, ಪಾಲಕ್ಸ್ ಅವರ ಹೆಸರಿಟ್ಟು ಪರಿಚಯದವರು ಇವರನ್ನು ಕರೆಯುತ್ತಿದ್ದರಂತೆ. ವಿಷಯಗಳನ್ನೂ ಹಂಚಿಕೊಂಡರು. ಬೀಜಗಣಿತ ಮತ್ತು ಖಗೋಳ ಕಲಾಂದ್ರಿನಿಗೆ, ಜ್ಯಾಮಿತಿ ಮತ್ತು ಮೆಕ್ಯಾನಿಕ್ಸ್ ಕ್ರೇಮರ್‌ಗೆ. ಅಂದ್ರೆ ಲೀನಿಯರ್ ಈಕ್ವೇಶನ್ ಬಿಡಿಸುವ ಪಾಠ ಬರಬೇಕಾಗಿದ್ದದ್ದು ಕಲಾಂದ್ರಿನಿಯ ಪಾಲಿಗೆ! ಹೆಸರು ಉಳಿದದ್ದು ಮಾತ್ರ ಜ್ಯಾಮಿತಿ ಮೇಷ್ಟ್ರದ್ದು.

ಈಗ ಆ ಭಾಷೆಯ ವಿಷಯ. ಆ ಕಾಲದ ಯುರೋಪಿನ ಕಾಲೇಜುಗಳಲ್ಲಿ ಪಾಠ ನಡೀತಿದ್ದದ್ದು ಲ್ಯಾಟಿನ್‌ನಲ್ಲಿ. ಮನೆಯಲ್ಲಿ, ಬೀದಿಯಲ್ಲಿ, ಅಂಗಡಿಯಲ್ಲಿ ಯಾರೂ ಮಾತಾಡದ ಭಾಷೆ. ಆದರೆ ವಿದ್ಯೆ ಅಂದ್ರೆ ಅದೇ. ಲ್ಯಾಟಿನ್ ಓದಲು ವರ್ಷಗಟ್ಟಲೆ ಸಮಯ ಬೇಕು, ಅದಕ್ಕೆ ಮನೆಯಲ್ಲಿ ಅನುಕೂಲ ಬೇಕು. ಜಿನೀವಾ ಗಡಿಯಾರ ಮಾಡುವವರ ಊರು. ಕೈಯಲ್ಲಿ ಹಲ್ಲುಚಕ್ರ ಕೊರೆದು ಕೂರಿಸುವ ಕುಶಲಕರ್ಮಿಗೆ ಜ್ಯಾಮಿತಿ, ಮೆಕ್ಯಾನಿಕ್ಸ್ ಬೇಡವಾ? ಬೇಕು. ಆದರೆ ಲ್ಯಾಟಿನ್ ಬಾರದೆ ಒಳಗೆ ಹೋಗೋ ಹಾಗಿಲ್ಲ. 20 ವರ್ಷದ ಕ್ರೇಮರ್ ಕೆಲಸಕ್ಕೆ ಸೇರುತ್ತಲೇ ಒಂದು ಸಲಹೆ ಮುಂದಿಟ್ಟ. ಲ್ಯಾಟಿನ್ ಬಾರದಿದ್ದರೂ ಗಣಿತದ ಮೇಲೆ ಆಸೆ ಇರುವವರು ಬಂದು ಕೂತು ಕೇಳುವಂತಾಗಲಿ, ಅದಕ್ಕಾಗಿ ಪಾಠವನ್ನು ಫ್ರೆಂಚ್‌ನಲ್ಲಿ ಹೇಳೋಣ ಅಂತ. ಅಕಾಡೆಮಿ ಒಪ್ಪಿತು.

ಹೊಸದಾಗಿ ಸೇರಿದ, ಇನ್ನೂ ಅರ್ಧ ಸಂಬಳದ ಮೇಷ್ಟ್ರು ಮೊದಲು ಕೇಳಿದ್ದು ಇದನ್ನು. ಅದು ಸಣ್ಣ ವಿಷಯ ಅಂತ ನಮಗೆ ಅನ್ನಿಸಲ್ಲ. ಇಂಗ್ಲಿಷ್ ಮೀಡಿಯಂನಲ್ಲೇ ಓದಿ ಬಂದ ನಮಗೆ ಪಾಠದ ಭಾಷೆ ಒಂದು ಗೋಡೆ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಇದೇ ಬೆಂಚಿನಲ್ಲಿ ಪಕ್ಕಕ್ಕೆ ಕೂತ, ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲಿ ಓದಿ ಬಂದ ಗೆಳೆಯರಿಗೆ ಮೊದಲ ಸೆಮಿಸ್ಟರ್‌ನಲ್ಲಿ ಲೆಕ್ಕ ಕಷ್ಟ ಆಗಿರಲ್ಲ, ಪ್ರಶ್ನೆ ಏನು ಕೇಳ್ತಿದೆ ಅನ್ನೋದು ಕಷ್ಟ ಆಗಿರುತ್ತೆ. ಹಾಸ್ಟೆಲ್‌ನಲ್ಲಿ ರಾತ್ರಿ ಒಬ್ಬ ಕನ್ನಡದಲ್ಲಿ ಹೇಳಿಕೊಟ್ಟರೆ ಹತ್ತು ನಿಮಿಷದಲ್ಲಿ ತಲೆಗೆ ಹತ್ತುತ್ತೆ. ಕನ್ನಡದಲ್ಲಿ ಗಣಿತ ಆಗಲ್ಲ ಅನ್ನುವವರಿಗೆ ರಾಜಾದಿತ್ಯನ ಹೆಸರು ಹೇಳಬೇಕು. 12ನೇ ಶತಮಾನದಲ್ಲೇ ಆತ ವ್ಯವಹಾರಗಣಿತ, ಕ್ಷೇತ್ರಗಣಿತ ಅಂತ ಕನ್ನಡದಲ್ಲಿ ಗಣಿತದ ಪುಸ್ತಕಗಳನ್ನೇ ಬರೆದಿಟ್ಟ.

ಹಾಗಂತ ಕ್ರೇಮರ್ ಲ್ಯಾಟಿನ್ ಮೇಲೆ ಯುದ್ಧ ಸಾರಿದವನೇನಲ್ಲ. ಮುಂದೆ ಆತ ಸಂಪಾದಿಸಿದ ದಪ್ಪ ದಪ್ಪ ಸಂಪುಟಗಳು ಹೆಚ್ಚಾಗಿ ಲ್ಯಾಟಿನ್‌ನಲ್ಲೇ ಇವೆ, ಯಾಕಂದ್ರೆ ಅವನ್ನು ಓದುವವರು ಯುರೋಪಿನ ತುಂಬ ಹರಡಿದ್ದ ವಿದ್ವಾಂಸರು. ತನ್ನ ಸ್ವಂತ ಪುಸ್ತಕವನ್ನು ಮಾತ್ರ ಫ್ರೆಂಚ್‌ನಲ್ಲಿ ಬರೆದ. ಎರಡು ಭಾಷೆ, ಎರಡು ಕೆಲಸ. ಈ ಜಾಣತನ ನಮಗೆ ಇಷ್ಟ ಆಯ್ತು.

1727ರಲ್ಲಿ ದೇಶ ಸುತ್ತುವ ಸರದಿ ಕ್ರೇಮರ್‌ನದಾಯಿತು. ಮೊದಲು ಬಾಸೆಲ್‌ಗೆ ಹೋದ, ಅಲ್ಲಿ ಯೋಹಾನ್ ಬರ್ನೂಲಿಯ ಹತ್ತಿರ ತಿಂಗಳುಗಟ್ಟಲೆ ಕಲಿತ. ಆಗ ಯುರೋಪಿನಲ್ಲಿ ಕ್ಯಾಲ್ಕುಲಸ್ ಗೊತ್ತಿದ್ದವರಲ್ಲಿ ಯೋಹಾನ್ ದೊಡ್ಡ ಹೆಸರು. ಜಗಳಕ್ಕೂ ಅಷ್ಟೇ ದೊಡ್ಡ ಹೆಸರು. ಸ್ವಂತ ಅಣ್ಣ ಯಾಕೋಬ್ ಜೊತೆ ಪತ್ರಿಕೆಗಳಲ್ಲೇ ಬಹಿರಂಗವಾಗಿ ಕಿತ್ತಾಡಿದವನು, ಆಮೇಲೆ ಮಗ ಡೇನಿಯಲ್ ಜೊತೆಗೂ. ಅಂಥ ಮನುಷ್ಯನಿಗೆ ಕ್ರೇಮರ್ ಹಿಡಿಸಿದ, ಆ ನಂಟು ಕೊನೆ ತನಕ ಉಳಿಯಿತು. ಅಲ್ಲಿಂದ ಇಂಗ್ಲೆಂಡ್. ಲಂಡನ್‌ನಲ್ಲಿ ಧೂಮಕೇತುವಿನ ಹ್ಯಾಲಿ, ಪ್ರಾಬಬಿಲಿಟಿಯ ಡಿ ಮ್ವಾವ್ರ್, ಸ್ಟರ್ಲಿಂಗ್ ಇವರನ್ನೆಲ್ಲ ಕಂಡ. ಆಮೇಲೆ ಹಾಲೆಂಡಿನ ಲೈಡನ್, ಆಮೇಲೆ ಪ್ಯಾರಿಸ್. ಅಲ್ಲಿ ಮೊಪರ್ತ್ವಿ, ಕ್ಲೇರೋ ಮುಂತಾದವರ ಪರಿಚಯ. 1729ರಲ್ಲಿ ವಾಪಸ್ ಜಿನೀವಾ.

ಲಂಡನ್‌ನಲ್ಲಿ ಇದ್ದಾಗ, 1728ರಲ್ಲಿ, ಬರ್ನೂಲಿ ಮನೆತನದ ನಿಕೊಲಾಸ್‌ಗೆ ಕ್ರೇಮರ್ ಒಂದು ಕಾಗದ ಬರೆದ. ನಿಕೊಲಾಸ್ ಎತ್ತಿದ್ದ ಒಂದು ಒಗಟಿನ ಬಗ್ಗೆ. ಒಂದು ಆಟ: ನಾಣ್ಯ ಚಿಮ್ಮುತ್ತಾ ಹೋಗಬೇಕು. ಮೊದಲ ಸಲವೇ ಹೆಡ್ ಬಿದ್ದರೆ 1 ನಾಣ್ಯ ಸಿಗುತ್ತೆ, ಎರಡನೇ ಸಲ ಬಿದ್ದರೆ 2, ಮೂರನೇ ಸಲ ಬಿದ್ದರೆ 4, ಹೀಗೆ ದುಪ್ಪಟ್ಟು ದುಪ್ಪಟ್ಟು. ಈ ಆಟಕ್ಕೆ ಸೇರಲು ಎಷ್ಟು ಫೀಸ್ ಕೊಡಬಹುದು? ಲೆಕ್ಕ ಹಾಕಿದರೆ ಪ್ರತಿ ಹಂತಕ್ಕೂ ಅರ್ಧ ನಾಣ್ಯ ಸೇರ್ತಾ ಸೇರ್ತಾ ಮೊತ್ತ ಅನಂತ ಆಗುತ್ತೆ. ಆದರೆ ಬುದ್ಧಿ ಇದ್ದವನು ಯಾರೂ ಇದಕ್ಕೆ ಹತ್ತಿಪ್ಪತ್ತು ನಾಣ್ಯಕ್ಕಿಂತ ಹೆಚ್ಚು ಕೊಡಲ್ಲ. ಯಾಕೆ? ಕ್ರೇಮರ್ ಹೇಳಿದ್ದು ಇಷ್ಟು: ಗಣಿತ ದುಡ್ಡನ್ನು ಎಣಿಸುತ್ತೆ, ಮನುಷ್ಯ ಅದರಿಂದ ತನಗೆ ಆಗುವ ಉಪಯೋಗವನ್ನು ಎಣಿಸ್ತಾನೆ. 2ರ 24ನೇ ಘಾತ, ಅಂದ್ರೆ 1,67,77,216 ನಾಣ್ಯ ಆದಮೇಲೆ ಇನ್ನೆಷ್ಟು ಬಂದರೂ ಒಂದೇ ಅಂತ ಇಟ್ಟುಕೊಂಡರೆ ಆಟದ ಬೆಲೆ ಬರೀ 13 ನಾಣ್ಯಕ್ಕೆ ಇಳಿಯುತ್ತೆ. ಸುಖವು ದುಡ್ಡಿನ ವರ್ಗಮೂಲದ ಹಾಗೆ ಬೆಳೆಯುತ್ತೆ ಅಂತ ಹಿಡಿದರೆ ಇನ್ನೂ ಕಡಿಮೆ. ಅರ್ಥಶಾಸ್ತ್ರದಲ್ಲಿ ಇವತ್ತು ಯುಟಿಲಿಟಿ ಅನ್ನೋದು ಇದನ್ನೇ. ಹತ್ತು ವರ್ಷ ಆದಮೇಲೆ, 1738ರಲ್ಲಿ, ಡೇನಿಯಲ್ ಬರ್ನೂಲಿ ಇದೇ ವಿಚಾರವನ್ನು ಸ್ವತಂತ್ರವಾಗಿ ಪ್ರಕಟಿಸಿದಾಗ, ಕ್ರೇಮರ್ ತನಗಿಂತ ಮುಂಚೆಯೇ ಇದನ್ನು ಬರೆದಿದ್ದ ಅಂತ ಆ ಲೇಖನದಲ್ಲೇ ಒಪ್ಪಿಕೊಂಡ. ಕ್ರೇಮರ್ ತಾನಾಗಿ ಪ್ರಕಟಿಸುವ ಗೋಜಿಗೆ ಹೋಗಿರಲಿಲ್ಲ. 23 ವರ್ಷದ ಹುಡುಗ, ಕೈಯಲ್ಲಿ ಅಂಥ ಐಡಿಯಾ, ಒಂದು ಕಾಗದದಲ್ಲಿ ಬರೆದು ಕಳಿಸಿ ಸುಮ್ಮನಾದ!

ಊರಿಗೆ ಬಂದ ಮೇಲೆ ಕೆಲಸವೋ ಕೆಲಸ. 1730ರಲ್ಲಿ ಪ್ಯಾರಿಸ್ ಅಕಾಡೆಮಿಯ ಸ್ಪರ್ಧೆಗೆ ಗ್ರಹಗಳ ಪಥ ಯಾಕೆ ದೀರ್ಘವೃತ್ತ ಅನ್ನೋ ವಿಷಯದ ಮೇಲೆ ಬರೆದು ಎರಡನೇ ಸ್ಥಾನ ಪಡೆದ. ಮೊದಲನೆಯದು ಗುರು ಯೋಹಾನ್‌ಗೆ ಹೋಯಿತು. 1734ರಲ್ಲಿ ಕಲಾಂದ್ರಿನಿ ತತ್ತ್ವಶಾಸ್ತ್ರದ ಪೀಠಕ್ಕೆ ಹೋದ, ಗಣಿತದ ಪೀಠ ಪೂರ್ತಿ ಕ್ರೇಮರ್‌ದಾಯಿತು. ಅದೇ ವರ್ಷ ಊರಿನ ಇನ್ನೂರರ ಸಭೆಯ ಸದಸ್ಯನೂ ಆದ, 1749ರಲ್ಲಿ ಅರವತ್ತರ ಸಭೆಗೂ ಬಂದ. ಗಣಿತ ಗೊತ್ತಿರುವವನು ಸಭೆಯಲ್ಲಿ ಇದ್ದರೆ ಏನಾಗುತ್ತೆ ಅಂತ ನಮಗೆ ಗೊತ್ತಲ್ಲ, ಲೆಕ್ಕ ಬೇಕಾದ ಕೆಲಸವೆಲ್ಲ ಅವನ ತಲೆಗೇ. ಫಿರಂಗಿ, ಕೋಟೆ ಕಟ್ಟೋಣ, ಕಟ್ಟಡಗಳ ದುರಸ್ತಿ ಎಲ್ಲದಕ್ಕೂ ಕ್ರೇಮರ್‌ನನ್ನೇ ಕರೆದರು. ಸಿವಿಲ್ ಬ್ರಾಂಚಿನವರು ಖುಷಿಪಡಬಹುದು. ಮದುವೆ ಆಗಲಿಲ್ಲ. ಅವನ ಹತ್ತಿರ ಕಲಿತವರಲ್ಲಿ ಜಾರ್ಜ್ ಲೂಯಿ ಲ ಸಾಜ್ ಒಬ್ಬ. 1774ರಲ್ಲಿ ಅಕ್ಷರಕ್ಕೊಂದು ತಂತಿ ಎಳೆದು ವಿದ್ಯುತ್ತಿನಿಂದ ಸಂದೇಶ ಕಳಿಸುವ ಟೆಲಿಗ್ರಾಫ್ ಮಾಡಿ ತೋರಿಸಿದವನು.

ಇಷ್ಟರ ನಡುವೆ ಸಂಪಾದನೆಯ ಕೆಲಸ. 1742ರಲ್ಲಿ ಯೋಹಾನ್ ಬರ್ನೂಲಿಯ ಸಮಗ್ರ ಕೃತಿಗಳು, 4 ಸಂಪುಟ. 1744ರಲ್ಲಿ ಅವನ ಅಣ್ಣ ಯಾಕೋಬ್‌ನ ಕೃತಿಗಳು, 2 ಸಂಪುಟ. 1745ರಲ್ಲಿ ಯೋಹಾನ್ ಮತ್ತು ಲೈಬ್ನಿಟ್ಸ್ ಒಬ್ಬರಿಗೊಬ್ಬರು ಬರೆದ ಕಾಗದಗಳು, ಇನ್ನೊಬ್ಬನ ಜೊತೆ ಸೇರಿ. ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡಲಾರದಂತೆ ಜಗಳವಾಡಿದ ಅಣ್ಣತಮ್ಮಂದಿರು, ಅವರಿಬ್ಬರ ಬರಹವೂ ಒಬ್ಬನೇ ಮನುಷ್ಯನ ಮೇಜಿನ ಮೇಲೆ. ಒಬ್ಬೊಬ್ಬರ ಲೆಕ್ಕವನ್ನೂ ಸಾಲು ಸಾಲಾಗಿ ನೋಡಬೇಕು, ಚಿತ್ರ ಸರಿ ಇದೆಯಾ ನೋಡಬೇಕು, ಅಚ್ಚಿನ ತಪ್ಪು ತಿದ್ದಬೇಕು. ಲ್ಯಾಬ್ ರೆಕಾರ್ಡ್‌ನ ಇಂಡೆಕ್ಸ್ ಬರೆಯೋಕೇ ಬೇಜಾರು ಪಡುವ ನಮಗೆ ಇದು ಎಂಥ ಕೆಲಸ ಅಂತ ಅಂದಾಜು ಮಾಡೋದೇ ಕಷ್ಟ. ಬರ್ನೂಲಿ ಹೆಸರನ್ನು ನಾವು ಫ್ಲೂಯಿಡ್ಸ್‌ನಲ್ಲಿ, ಪ್ರಾಬಬಿಲಿಟಿಯಲ್ಲಿ ಕೇಳ್ತೀವಿ. ಆ ಮನೆತನದ ಇಬ್ಬರು ಹಿರಿಯರ ಬರಹ ಒಂದು ಕಡೆ ಸೇರಿ ಮುಂದಿನವರ ಕೈಗೆ ಸಿಕ್ಕಿದ್ದು ಕ್ರೇಮರ್ ಕೂತು ಮಾಡಿದ್ದಕ್ಕೆ.

1744ರಲ್ಲಿ ಕ್ರೇಮರ್ ಆಯ್ಲರ್‌ಗೆ ಒಂದು ಕಾಗದ ಬರೆದ. ತನ್ನನ್ನು ಕಾಡ್ತಾ ಇದ್ದ ಒಂದು ಪ್ರಶ್ನೆ. ಮೂರನೇ ಡಿಗ್ರಿಯ ಒಂದು ಕರ್ವ್ ಎಳೆಯಬೇಕಾದರೆ 9 ಬಿಂದು ಬೇಕು, 9 ಬಿಂದು ಕೊಟ್ಟರೆ ಕರ್ವ್ ಒಂದೇ ಇರಬೇಕು. ಇನ್ನೊಂದು ಕಡೆ, ಅಂಥ ಎರಡು ಕರ್ವ್‌ಗಳು ಒಂದನ್ನೊಂದು 9 ಬಿಂದುಗಳಲ್ಲಿ ಕತ್ತರಿಸಬಹುದು. ಅಂದ್ರೆ ಅದೇ 9 ಬಿಂದುಗಳ ಮೂಲಕ ಎರಡು ಬೇರೆ ಕರ್ವ್‌ಗಳು ಹಾದುಹೋದವು! ಒಂದೇ ಅನ್ನೋದು ನಿಜವಾ, ಎರಡು ಅನ್ನೋದು ನಿಜವಾ? ಸ್ಕಾಟ್ಲೆಂಡಿನ ಮೆಕ್ಲಾರಿನ್ ಇದನ್ನು 1720ರಲ್ಲೇ ಗಮನಿಸಿದ್ದ, ಆದರೂ ಇವತ್ತು ಇದಕ್ಕೆ ಕ್ರೇಮರ್ಸ್ ಪ್ಯಾರಡಾಕ್ಸ್ ಅಂತಲೇ ಹೆಸರು.

ಆಯ್ಲರ್ ಇದಕ್ಕೆ ಉತ್ತರ ಹುಡುಕಿ 1750ರಲ್ಲಿ ಅಚ್ಚಾದ ಲೇಖನದಲ್ಲಿ ಬರೆದ. ಅದರ ಬುಡದಲ್ಲಿ ಇರೋದು ನಮ್ಮ ಹೈಸ್ಕೂಲಿನ ಎರಡು ಈಕ್ವೇಶನ್. 3ಎಕ್ಸ್ − 2ವೈ = 5 ಅಂತ ಒಂದು, 4ವೈ = 6ಎಕ್ಸ್ − 10 ಅಂತ ಇನ್ನೊಂದು. ನೋಡೋಕೆ ಎರಡು. ಮೊದಲನೆಯದನ್ನು ಎರಡರಿಂದ ಗುಣಿಸಿ ಆಕಡೆ ಈಕಡೆ ಮಾಡಿ, ಎರಡನೆಯದೇ ಬರುತ್ತೆ. ಅಂದ್ರೆ ನಮ್ಮ ಕೈಯಲ್ಲಿ ನಿಜವಾಗಿ ಇದ್ದದ್ದು ಒಂದೇ ಈಕ್ವೇಶನ್, ಹಾಗಾಗಿ ಉತ್ತರ ಲೆಕ್ಕವಿಲ್ಲದಷ್ಟು. ಎಷ್ಟು ಅನ್‌ನೋನ್ ಇದೆಯೋ ಅಷ್ಟು ಈಕ್ವೇಶನ್ ಇದ್ದುಬಿಟ್ಟರೆ ಸಾಕು ಅಂತ ಎಲ್ಲರೂ ಕಣ್ಣು ಮುಚ್ಚಿ ನಂಬಿದ್ದರು. ಸಾಲದು, ಒಂದರೊಳಗೆ ಇನ್ನೊಂದು ಅಡಗಿರಬಾರದು. 9 ಬಿಂದುಗಳ ಆ ಒಗಟಿನಲ್ಲೂ ಆದದ್ದು ಇದೇ, 9 ಈಕ್ವೇಶನ್‌ಗಳಲ್ಲಿ ಒಂದು ಉಳಿದವುಗಳೊಳಗೆ ಅಡಗಿತ್ತು. ನಮಗೆ ಈಗ ಮ್ಯಾಟ್ರಿಕ್ಸ್‌ನ ರ್ಯಾಂಕ್ ಅಂತ ಪಾಠ ಮಾಡ್ತಾರಲ್ಲ, ಅದರ ಬೀಜ ಇಲ್ಲಿದೆ. ಉತ್ತರ ಆಯ್ಲರ್‌ದು, ಸರಿ. ಆದರೆ ಸರಿಯಾದ ಜಾಗದಲ್ಲಿ ಸರಿಯಾದ ಪ್ರಶ್ನೆ ಕೇಳಿ ಆಯ್ಲರ್‌ನಂಥವನನ್ನು ಕೂರಿಸಿದ್ದು ಕ್ರೇಮರ್.

ಅದೇ 1750ರಲ್ಲಿ ಕ್ರೇಮರ್‌ನ ಸ್ವಂತ ಪುಸ್ತಕ ಜಿನೀವಾದಲ್ಲಿ ಅಚ್ಚಾಯಿತು. ಬೀಜಗಣಿತದ ವಕ್ರರೇಖೆಗಳ ವಿಶ್ಲೇಷಣೆಗೆ ಪ್ರವೇಶ ಅಂತ ಅದರ ಹೆಸರಿನ ಅರ್ಥ. ಆರುನೂರು ಪುಟ ದಾಟಿದ ಗ್ರಂಥ. ಪುಸ್ತಕದ ವಿಷಯ ಲೀನಿಯರ್ ಈಕ್ವೇಶನ್ ಅಲ್ಲವೇ ಅಲ್ಲ, ಕರ್ವ್‌ಗಳು. ಒಂದು ಕಡೆ ಐದು ಬಿಂದು ಕೊಟ್ಟು ಅವುಗಳ ಮೂಲಕ ಹಾಯುವ ಎರಡನೇ ಡಿಗ್ರಿಯ ಕರ್ವ್ ಹುಡುಕಬೇಕಾಗುತ್ತೆ. ಪ್ರತಿ ಬಿಂದುವಿಗೆ ಒಂದು ಈಕ್ವೇಶನ್. ಐದು ಈಕ್ವೇಶನ್, ಐದು ಅನ್‌ನೋನ್. ಒಂದೊಂದನ್ನೇ ಎಲಿಮಿನೇಟ್ ಮಾಡ್ತಾ ಹೋದರೆ ಓದುವವನಿಗೆ ವಿಷಯವೇ ಮರೆತುಹೋಗುತ್ತೆ. ಅದಕ್ಕೆ ಕ್ರೇಮರ್ ಲೆಕ್ಕವನ್ನು ಅಲ್ಲಿ ಮಾಡದೆ, ಇದಕ್ಕೊಂದು ಸಾಮಾನ್ಯ ನಿಯಮ ಮಾಡಿಕೊಂಡಿದ್ದೇನೆ, ಪುಸ್ತಕದ ಕೊನೆಯ ಅನುಬಂಧದಲ್ಲಿ ನೋಡಿ ಅಂತ ಓದುಗನನ್ನು ಕಳಿಸ್ತಾನೆ. ನಮ್ಮ ಕ್ರೇಮರ್ಸ್ ರೂಲ್ ಇರೋದು ಆ ಅನುಬಂಧದ ನಾಲ್ಕೈದು ಪುಟಗಳಲ್ಲಿ.

ಅಲ್ಲಿ ನಮಗೆ ಪರಿಚಯ ಇರುವ ಯಾವುದೂ ಕಾಣಲ್ಲ. ಡೆಲ್ಟಾ ಇಲ್ಲ, ಎರಡು ಪಕ್ಕ ಗೆರೆ ಎಳೆದ ಚೌಕ ಇಲ್ಲ, ಡಿಟರ್ಮಿನೆಂಟ್ ಅನ್ನೋ ಹೆಸರೂ ಇಲ್ಲ. ಆ ಗೆರೆಗಳನ್ನು ಕೇಲಿ ಎಂಬುವನು ಬಳಸಿದ್ದು 1841ರಲ್ಲಿ. ಕ್ರೇಮರ್ ಮಾಡಿದ್ದು ಕೋಎಫಿಶಿಯೆಂಟ್‌ಗಳಿಗೆ ಒಂದು ವಿಳಾಸ ಕೊಡುವ ಕೆಲಸ. ಮೊದಲನೇ ಅನ್‌ನೋನ್‌ಗೆ ಸೇರಿದ್ದೆಲ್ಲ ದೊಡ್ಡ ಝಡ್, ಎರಡನೆಯದಕ್ಕೆ ಸೇರಿದ್ದೆಲ್ಲ ದೊಡ್ಡ ವೈ. ಅದರ ತಲೆ ಮೇಲೆ ಪುಟ್ಟ 1 ಇದ್ದರೆ ಮೊದಲನೇ ಈಕ್ವೇಶನ್‌ನದು, ಪುಟ್ಟ 2 ಇದ್ದರೆ ಎರಡನೆಯದು. ನಮ್ಮ ಕಣ್ಣಿಗೆ ಅದು ಸ್ಕ್ವೇರ್ ಥರ ಕಾಣುತ್ತೆ, ಆದರೆ ಸ್ಕ್ವೇರ್ ಅಲ್ಲ. ಛೇದದಲ್ಲಿ ಏನು ಬರಬೇಕು? ಅಕ್ಷರಗಳನ್ನು ಅದೇ ಕ್ರಮದಲ್ಲಿ ಇಟ್ಟು ತಲೆ ಮೇಲಿನ ಅಂಕಿಗಳನ್ನು ಎಷ್ಟು ರೀತಿ ಅದಲು ಬದಲು ಮಾಡಬಹುದೋ ಅಷ್ಟೂ ಬರೆಯಬೇಕು. ಎರಡಕ್ಕೆ 2, ಮೂರಕ್ಕೆ 6, ನಾಲ್ಕಕ್ಕೆ 24, ಐದಕ್ಕೆ 120. ಪ್ಲಸ್ಸಾ ಮೈನಸ್ಸಾ? ದೊಡ್ಡ ಅಂಕಿ ಸಣ್ಣ ಅಂಕಿಗಿಂತ ಮುಂದೆ ಬಂದು ಕ್ರಮ ಕೆಟ್ಟದ್ದು ಎಷ್ಟು ಸಲ ಅಂತ ಎಣಿಸು. ಸರಿ ಸಂಖ್ಯೆ ಬಂದರೆ ಪ್ಲಸ್, ಬೆಸ ಬಂದರೆ ಮೈನಸ್. ಅಂಶಕ್ಕೆ, ಯಾವ ಅನ್‌ನೋನ್ ಬೇಕೋ ಅದರ ಅಕ್ಷರದ ಜಾಗದಲ್ಲಿ ಬಲಗಡೆಯ ಸಂಖ್ಯೆ ಹಾಕು. ಅಷ್ಟೇ. ಪ್ರೂಫ್ ಕೊಟ್ಟಿಲ್ಲ. ಛೇದ ಸೊನ್ನೆ ಆದರೆ ಏನಾಗುತ್ತೆ ಅನ್ನೋದನ್ನು ಮಾತ್ರ ಮರೆಯದೆ ಹೇಳಿದ್ದಾನೆ: ಅಂಶಗಳೂ ಸೊನ್ನೆ ಆದರೆ ಉತ್ತರ ಒಂದೇ ಅಂತ ನಿರ್ಧಾರ ಆಗಲ್ಲ, ಆಗದಿದ್ದರೆ ಉತ್ತರವೇ ಇಲ್ಲ.

ಈ ರೂಲ್ ಹಾಕಿ ನೋಡೋಕೆ ಒಂದು ಲೆಕ್ಕ ಬೇಕಲ್ಲ, ಅದನ್ನು ನಮ್ಮ ನೆಲದಿಂದಲೇ ತೆಗೆದುಕೊಳ್ಳೋಣ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ. ಅದರಲ್ಲಿ ಹಣ್ಣಿನ ಒಂದು ಲೆಕ್ಕ ಇದೆ. 9 ಮಾದಲ ಹಣ್ಣು, 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಲ, 9 ಬೇಲ ಸೇರಿ 101. ಒಂದೊಂದರ ಬೆಲೆ ಎಷ್ಟು? ಕ್ರೇಮರ್ ಹೇಳಿದಂತೆ ಛೇದ, 9 ಗುಣಿಸು 9, ಅದರಲ್ಲಿ 7 ಗುಣಿಸು 7 ಕಳೆದರೆ 32. ಮಾದಲದ ಅಂಶ, 107 ಗುಣಿಸು 9, ಅದರಲ್ಲಿ 7 ಗುಣಿಸು 101 ಕಳೆದರೆ 256. ಭಾಗಿಸಿದರೆ 8. ಬೇಲದ ಅಂಶ, 9 ಗುಣಿಸು 101, ಅದರಲ್ಲಿ 7 ಗುಣಿಸು 107 ಕಳೆದರೆ 160. ಭಾಗಿಸಿದರೆ 5. ಮಜಾ ಏನಂದ್ರೆ, ಮಹಾವೀರಾಚಾರ್ಯ ಹೇಳಿಕೊಡುವ ದಾರಿಯೂ ಇದೇ: ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ, ಸಣ್ಣ ಬೆಲೆಯನ್ನು ಸಣ್ಣ ಸಂಖ್ಯೆಯಿಂದ ಗುಣಿಸಿ ಕಳೆದು, ಆ ಸಂಖ್ಯೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸು. ಸಂಖ್ಯೆಗಳು ಹೀಗೆ ತಿರುವುಮುರುವಾಗಿ ಬಂದಾಗ ಮಾತ್ರ ಅದು ನಡೆಯುತ್ತೆ. ಕ್ರೇಮರ್‌ನ ರೂಲ್‌ಗೆ ಆ ಕಟ್ಟು ಇಲ್ಲ; ಯಾವ ಸಂಖ್ಯೆ ಇದ್ದರೂ ಸರಿ, ಎಷ್ಟು ಅನ್‌ನೋನ್ ಇದ್ದರೂ ಸರಿ.

ಹಾಗಾದರೆ ಇದನ್ನು ಮೊದಲು ಕಂಡುಹಿಡಿದವನು ಕ್ರೇಮರ್ ತಾನಾ? ಪೂರ್ತಿ ಹಾಗೆ ಹೇಳೋಕಾಗಲ್ಲ. ಎರಡು, ಮೂರು ಅನ್‌ನೋನ್‌ಗಳಿಗೆ ಇದೇ ನಿಯಮ ಮೆಕ್ಲಾರಿನ್‌ನ ಬೀಜಗಣಿತದ ಪುಸ್ತಕದಲ್ಲಿ ಇದೆ. ಅದು ಅವನು ಸತ್ತ ಮೇಲೆ, 1748ರಲ್ಲಿ ಅಚ್ಚಾದದ್ದು. ಲೈಬ್ನಿಟ್ಸ್ 1693ರಲ್ಲೇ ಒಂದು ಕಾಗದದಲ್ಲಿ ಇಂಥದ್ದೇ ವಿಚಾರ ಬರೆದಿದ್ದ, ಜಪಾನಿನ ಸೆಕಿ ಅದಕ್ಕೂ ಮುಂಚೆ. ಆದರೂ ಹೆಸರು ಕ್ರೇಮರ್‌ಗೆ ನಿಂತದ್ದು ಅನ್ಯಾಯ ಅಂತ ನಮಗೆ ಅನ್ನಿಸಲ್ಲ. ಆ ಅನುಬಂಧ ಓದಿದವನು ಎದ್ದು ಹೋಗಿ ಹತ್ತು ಈಕ್ವೇಶನ್‌ನ ಛೇದವನ್ನೂ ತಾನೇ ಬರೆಯಬಲ್ಲ. ಅಷ್ಟು ಬಿಡಿಸಿ ಹೇಳಿದ್ದಾನೆ. ಬರೆಯಬಲ್ಲ, ಆದರೆ ಬರೆಯಬಾರದು. ಹತ್ತು ಅನ್‌ನೋನ್‌ಗೆ ಒಂದು ಡಿಟರ್ಮಿನೆಂಟ್ ಅಂದ್ರೆ 36,28,800 ಪದ, ಅಂಥವು 11 ಬೇಕು, ಒಟ್ಟು 3,99,16,800. ಗೌಸ್‌ನ ಎಲಿಮಿನೇಷನ್‌ಗೆ ಕೆಲವು ನೂರು ಗುಣಾಕಾರ ಸಾಕು. ಅದಕ್ಕೇ ಮ್ಯಾಟ್‌ಲ್ಯಾಬ್ ಒಳಗೆ ಓಡೋದು ಕ್ರೇಮರ್ ಅಲ್ಲ. ಎರಡು ಲೂಪ್‌ನ ಸರ್ಕ್ಯೂಟ್‌ಗೆ ಮಾತ್ರ ಇದಕ್ಕಿಂತ ಬೇಗ ಇನ್ನೊಂದಿಲ್ಲ, ಪರೀಕ್ಷೆಯಲ್ಲಿ ಮಾಡಿ ನೋಡಿದವರಿಗೆ ಗೊತ್ತು.

ಪುಸ್ತಕ ಬಂದ ವರ್ಷವೇ ಕಲಾಂದ್ರಿನಿ ಊರಿನ ಆಡಳಿತಕ್ಕೆ ಹೋದ. ಅವನು ಬಿಟ್ಟ ತತ್ತ್ವಶಾಸ್ತ್ರದ ಪೀಠಕ್ಕೆ ಕ್ರೇಮರ್ ಬಂದ, 26 ವರ್ಷದ ಹಿಂದೆ ಅರ್ಜಿ ಹಾಕಿ ಸಿಗದಿದ್ದ ಆ ಪೀಠಕ್ಕೇ. ಹೆಚ್ಚು ದಿನ ಕೂರಲಿಲ್ಲ. ವರ್ಷಗಟ್ಟಲೆ ಬಿಡುವಿಲ್ಲದೆ ದುಡಿದು ಮೈ ಸೋತಿತ್ತು. 1751ರಲ್ಲಿ ಗಾಡಿಯಿಂದ ಬಿದ್ದ, ಎರಡು ತಿಂಗಳು ಹಾಸಿಗೆ ಹಿಡಿದ. ದಕ್ಷಿಣ ಫ್ರಾನ್ಸ್‌ನ ಬಿಸಿಲಿನಲ್ಲಿ ಸ್ವಲ್ಪ ದಿನ ಇದ್ದು ಬಾ ಅಂತ ಡಾಕ್ಟರು ಹೇಳಿದರು. ಡಿಸೆಂಬರ್ 21ರಂದು ಜಿನೀವಾದಿಂದ ಹೊರಟ. ದಾರಿಯಲ್ಲಿ ಬಾನ್ಯೋಲ್ ಅನ್ನೋ ಊರಿನಲ್ಲಿ, 1752ರ ಜನವರಿ 4ರಂದು, ತೀರಿಕೊಂಡ. ಆಗ ಅವನಿಗೆ 47 ವರ್ಷ. ಸಂಬಳ ಹಂಚಿಕೊಂಡಿದ್ದ ಗೆಳೆಯ ಕಲಾಂದ್ರಿನಿ 1758ರ ತನಕ ಬದುಕಿದ್ದ.